ಗಾಳಿಯ ಪಾಲು ಯಾರಿಗೆಷ್ಟು

ನೂರು ಮೀಟರ್ ಓಟದಲ್ಲಿ ಗಾಳಿಗೊಂದು ಮಿತಿ ಇದೆ. ಬೆನ್ನ ಹಿಂದಿನಿಂದ ಬೀಸುವ ಗಾಳಿಯ ವೇಗ ಸೆಕೆಂಡಿಗೆ 2 ಮೀಟರ್ ದಾಟಿತೆಂದರೆ, ಓಟಗಾರ ಎಷ್ಟೇ ಬೇಗ ಗೆರೆ ಮುಟ್ಟಿದರೂ ಅದನ್ನು ವಿಶ್ವದಾಖಲೆ ಎಂದು ಒಪ್ಪುವುದಿಲ್ಲ. ಗಾಳಿ ಕೊಟ್ಟ ಪುಕ್ಕಟೆ ನೆರವನ್ನು ಕಾಲಿನ ಕಸುವಿನ ಲೆಕ್ಕಕ್ಕೆ ಸೇರಿಸಬಾರದು ಎಂಬ ನ್ಯಾಯ ಅದು. ಈ ನ್ಯಾಯವನ್ನು ವಿಂಡ್‌ಸರ್ಫಿಂಗ್‌ಗೆ ಅನ್ವಯಿಸಲು ಹೊರಟರೆ ಆಟವೇ ಉಳಿಯುವುದಿಲ್ಲ. ಅಲ್ಲಿ ಇಂಧನವೂ ಗಾಳಿಯೇ, ಅಂಕಣವೂ ಗಾಳಿಯೇ. ಮೇಲಾಗಿ ಅದು ಎಲ್ಲರಿಗೂ ಸಮಪಾಲಾಗಿ ಸಿಗುವುದಿಲ್ಲ. ಒಂದೇ ಗೆರೆಯಿಂದ ಹೊರಟ ಇಬ್ಬರಲ್ಲಿ ಎಡಕ್ಕೆ ಹೋದವರಿಗೆ ಹತ್ತು ನಾಟ್ ಗಾಳಿ ಸಿಕ್ಕರೆ, ಬಲಕ್ಕೆ ಹೋದವರಿಗೆ ಏಳೇ ಸಿಗಬಹುದು. ಎರಡು ನಿಮಿಷದಲ್ಲಿ ಅದು ಅದಲುಬದಲಾಗಲೂಬಹುದು.

ಇಂಥ ಆಟದಲ್ಲಿ ಒಲಿಂಪಿಕ್ಸ್‌ಗೆ ಯಾರು ಹೋಗಬೇಕು ಎಂದು ತೀರ್ಮಾನಿಸುವುದು ಸುಲಭವಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ವಿಂಡ್‌ಸರ್ಫಿಂಗ್‌ನಲ್ಲಿ ಪುರುಷರಿಗೆ 24 ಸ್ಥಾನ, ಮಹಿಳೆಯರಿಗೆ 24 ಸ್ಥಾನ. ಒಂದು ದೇಶಕ್ಕೆ ತಲಾ ಒಂದೇ. 2023ರ ಆಗಸ್ಟ್‌ನಲ್ಲಿ ನೆದರ್‌ಲೆಂಡ್ಸ್‌ನ ಹೇಗ್ ನಗರದ ಕಡಲಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಂದಷ್ಟು ಸ್ಥಾನ ಭರ್ತಿಯಾದವು. ಖಂಡವಾರು ಸ್ಪರ್ಧೆಗಳಲ್ಲಿ ಇನ್ನೊಂದಷ್ಟು. ಉಳಿದ ಬೆರಳೆಣಿಕೆಯ ಸ್ಥಾನಗಳಿಗೆ 2024ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ದಕ್ಷಿಣ ತೀರದ ಇಯೇರ್‌ನಲ್ಲಿ ಕೊನೆಯ ರೆಗಾಟ, ಎಂದರೆ ಹಲವು ಓಟಗಳ ಸ್ಪರ್ಧಾಸರಣಿ, ನಡೆಯಿತು. ಅದರ ಹೆಸರೇ ‘ಲಾಸ್ಟ್ ಚಾನ್ಸ್ ರೆಗಾಟ’. ಅಲ್ಲಿಗೆ ಬಂದವರೆಲ್ಲ ವರ್ಷಗಟ್ಟಲೆ ಇದನ್ನೇ ಬದುಕಾಗಿಸಿಕೊಂಡವರು. ಅವರ ಒಲಿಂಪಿಕ್ ಕನಸು ಒಂದು ವಾರದ ಮೆಡಿಟರೇನಿಯನ್ ಗಾಳಿಯ ಕೈಯಲ್ಲಿತ್ತು.

ರೆಗಾಟವನ್ನು ನಾನು ನೋಡುವುದು ಒಂದು ಅಳತೆಯ ಉಪಕರಣದಂತೆ. ಅದು ಅಳೆಯಬೇಕಾದ್ದು ಸ್ಪರ್ಧಿಯ ಸಾಮರ್ಥ್ಯ. ಆದರೆ ಪ್ರತಿ ಓಟದ ಫಲಿತಾಂಶದಲ್ಲೂ ಸಾಮರ್ಥ್ಯದ ಜೊತೆ ಅದೃಷ್ಟ ಬೆರೆತಿರುತ್ತದೆ. ಎರಡನ್ನೂ ಬೇರ್ಪಡಿಸುವುದು ಹೇಗೆ ಎಂಬುದೇ ಈ ಅಧ್ಯಾಯದ ಪ್ರಶ್ನೆ. ಉತ್ತರಕ್ಕೆ ಮೊದಲು ಆ ಹಲಗೆಯ ಮೇಲೆ ಏನೆಲ್ಲ ನಡೆಯುತ್ತದೆ ಎಂದು ನೋಡಬೇಕು.

ವಿಂಡ್‌ಸರ್ಫಿಂಗ್ ಹಲಗೆಗೆ ಚುಕ್ಕಾಣಿ ಇಲ್ಲ. ಹಾಯಿದೋಣಿಗಳಲ್ಲಿ ಕಂಬವನ್ನು ಅಲ್ಲಾಡದಂತೆ ಬಿಗಿದಿರುತ್ತಾರೆ. ಇಲ್ಲಿ ಹಾಯಿಕಂಬದ ಬುಡದಲ್ಲಿ ಎತ್ತ ಬೇಕಾದರೂ ಬಾಗುವ ಕೀಲು ಇದೆ. ಕ್ಯಾಲಿಫೋರ್ನಿಯಾದ ವಿಮಾನ ಎಂಜಿನಿಯರ್ ಜಿಮ್ ಡ್ರೇಕ್ ಮತ್ತು ಆತನ ಗೆಳೆಯ ಹಾಯ್ಲ್ ಶ್ವೈಟ್ಜರ್ 1968ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಮುಂದೆ ಬ್ರಿಟನ್ನಿನ ನ್ಯಾಯಾಲಯದಲ್ಲಿ ಆ ಪೇಟೆಂಟ್ ಬಿದ್ದುಹೋಯಿತು. ಪೀಟರ್ ಚಿಲ್ವರ್ಸ್ ಎಂಬ ಹನ್ನೆರಡರ ಹುಡುಗ 1958ರಲ್ಲೇ ಹೇಲಿಂಗ್ ದ್ವೀಪದ ಬಳಿ ಇಂಥದ್ದೇ ಒಂದನ್ನು ಮಾಡಿ ತೇಲಿಸಿದ್ದ ಎಂಬುದು ಅಲ್ಲಿ ಸಾಬೀತಾಯಿತು. ಹಕ್ಕು ಯಾರದ್ದೇ ಇರಲಿ, ಕೀಲಿನ ಕೆಲಸ ಮಾತ್ರ ಸೊಗಸಾದದ್ದು. ಗಾಳಿ ಹಾಯಿಯನ್ನು ತಳ್ಳುವ ಬಲವೆಲ್ಲ ಒಂದು ಬಿಂದುವಿನಲ್ಲಿದೆ ಎಂದುಕೊಳ್ಳಿ. ಹಲಗೆ ಪಕ್ಕಕ್ಕೆ ಜಾರದಂತೆ ನೀರು ತಡೆಯುವ ಬಲ ಇನ್ನೊಂದು ಬಿಂದುವಿನಲ್ಲಿದೆ. ಹಾಯಿಯನ್ನು ಹಿಂದಕ್ಕೆ ವಾಲಿಸಿದರೆ ಗಾಳಿಯ ಬಿಂದು ನೀರಿನ ಬಿಂದುವಿಗಿಂತ ಹಿಂದೆ ಸರಿಯುತ್ತದೆ, ಹಲಗೆಯ ಮೂತಿ ಗಾಳಿಯತ್ತ ತಿರುಗುತ್ತದೆ. ಮುಂದಕ್ಕೆ ವಾಲಿಸಿದರೆ ಗಾಳಿಯಿಂದ ಆಚೆಗೆ. ಕೈ, ಬೆನ್ನು, ಸೊಂಟ, ಕಾಲು ಎಲ್ಲ ಸೇರಿ ಚುಕ್ಕಾಣಿಯಾಗುತ್ತವೆ.

ವೇಗದ ಗುಟ್ಟು ಬೇರೆ. ಗಾಳಿಯೇ ಇಲ್ಲದ ದಿನ ಸ್ಕೂಟರ್ ಓಡಿಸಿದರೂ ಮುಖಕ್ಕೆ ಗಾಳಿ ಹೊಡೆಯುತ್ತದೆ. ಹಲಗೆ ಓಡತೊಡಗಿದಾಗಲೂ ಅಷ್ಟೇ: ಬೀಸುವ ಗಾಳಿಗೆ ಓಟದಿಂದ ಹುಟ್ಟಿದ ಗಾಳಿಯೂ ಸೇರಿ, ಹಾಯಿಗೆ ತಗಲುವ ಗಾಳಿಯ ರಭಸ ಹೆಚ್ಚುತ್ತದೆ, ದಿಕ್ಕು ಮುಂದಕ್ಕೆ ಸರಿಯುತ್ತದೆ. ಹಾಯಿ ಕೆಲಸ ಮಾಡುವುದು ಈ ಸೇರಿಕೆಯ ಗಾಳಿಯ ಮೇಲೆ. ವಿಮಾನದ ರೆಕ್ಕೆಯನ್ನು ನೆಟ್ಟಗೆ ನಿಲ್ಲಿಸಿದಂತಿರುವ ಹಾಯಿ, ತನ್ನ ಸುತ್ತ ಹರಿಯುವ ಗಾಳಿಯ ದಿಕ್ಕು ತಿರುಗಿಸಿ ಅದರಿಂದ ಬಲ ಪಡೆಯುತ್ತದೆ. ಆದ್ದರಿಂದಲೇ ಗಾಳಿಗೆ ಅಡ್ಡಲಾಗಿ ಹೋಗುವಾಗ ಹಲಗೆ ಗಾಳಿಗಿಂತಲೂ ವೇಗವಾಗಿ ಓಡಬಲ್ಲದು. ಓಡಿದಷ್ಟೂ ಗಾಳಿ ಹೆಚ್ಚು, ಗಾಳಿ ಹೆಚ್ಚಿದಷ್ಟೂ ಓಟ ಹೆಚ್ಚು. ಈ ಏರಿಕೆಗೆ ಕಡಿವಾಣ ಹಾಕುವುದು ನೀರಿನ ಎಳೆತ.

ಆ ಎಳೆತವನ್ನು ಬಹುಪಾಲು ಕಳಚಿಹಾಕಿದ್ದು ಫಾಯಿಲ್, ಎಂದರೆ ನೀರೊಳಗಿನ ರೆಕ್ಕೆ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಬಂದ ‘ಐಕ್ಯೂಫಾಯಿಲ್’ ಹಲಗೆ 220 ಸೆಂಟಿಮೀಟರ್ ಉದ್ದ, 95 ಸೆಂಟಿಮೀಟರ್ ಅಗಲ. ಅಲ್ಲಿ ಪುರುಷರ ಹಾಯಿ 9 ಚದರ ಮೀಟರ್ ಇತ್ತು, ಮಹಿಳೆಯರದ್ದು 8. ಹಲಗೆಯ ಹಿಂಭಾಗದಿಂದ 95 ಸೆಂಟಿಮೀಟರ್ ಉದ್ದದ ಕಂಬವೊಂದು ನೀರಿಗಿಳಿದಿರುತ್ತದೆ. ಅದರ ತುದಿಗೆ ಪುಟ್ಟ ವಿಮಾನದ ಆಕಾರ: ಮುಂದೆ ದೊಡ್ಡ ರೆಕ್ಕೆ, ಹಿಂದೆ ಸಮತೋಲನಕ್ಕೆ ಚಿಕ್ಕ ರೆಕ್ಕೆ. ಆ ದೊಡ್ಡ ರೆಕ್ಕೆಯ ವಿಸ್ತೀರ್ಣ 900 ಚದರ ಸೆಂಟಿಮೀಟರ್, ಅಂದರೆ 0.09 ಚದರ ಮೀಟರ್. ಪುರುಷರ ಹಾಯಿಯ ಸರಿಯಾಗಿ ನೂರರಲ್ಲೊಂದು ಪಾಲು! ಇಷ್ಟು ಸಣ್ಣ ರೆಕ್ಕೆ ಇಡೀ ಹಲಗೆಯನ್ನು, ಹಾಯಿಯನ್ನು, ಅದರ ಮೇಲೆ ನಿಂತ ಆಳನ್ನು ನೀರಿನಿಂದ ಎತ್ತಿಹಿಡಿಯುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಗಾಳಿಯಲ್ಲಿ ಗಜಗಟ್ಟಲೆ ಬಟ್ಟೆ ಬೇಕಾದ ಕೆಲಸಕ್ಕೆ ನೀರಿನಲ್ಲಿ ಒಂದು ಪುಸ್ತಕದ ಎರಡು ತೆರೆದ ಪುಟಗಳಷ್ಟು ಜಾಗ ಸಾಕು.

ಒಂದು ಲೆಕ್ಕ ಮಾಡೋಣ. ಆಳು, ಹಲಗೆ, ಹಾಯಿ ಎಲ್ಲ ಸೇರಿ 110 ಕಿಲೋ ಎಂದುಕೊಂಡರೆ ಎತ್ತಬೇಕಾದ ಭಾರ ಸುಮಾರು 1,080 ನ್ಯೂಟನ್. ರೆಕ್ಕೆ ಕೊಡುವ ಎತ್ತುಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಲಗೆ ಸೆಕೆಂಡಿಗೆ 6 ಮೀಟರ್, ಎಂದರೆ ಗಂಟೆಗೆ ಇಪ್ಪತ್ತೆರಡು ಕಿಲೋಮೀಟರ್ ಮುಟ್ಟುವಷ್ಟರಲ್ಲಿ ಈ ರೆಕ್ಕೆ ಅಷ್ಟು ಭಾರ ಹೊರಲು ಶಕ್ತವಾಗುತ್ತದೆ. ಹಲಗೆ ಏಳುತ್ತದೆ. ಅಲ್ಲಿಯತನಕ ಅಡಿಯಲ್ಲಿ ಚಟಪಟ ಬಡಿಯುತ್ತಿದ್ದ ಅಲೆಗಳ ಸದ್ದು ನಿಲ್ಲುತ್ತದೆ. ಕಂಬ ನೀರು ಸೀಳುವ ಸಣ್ಣ ಶಿಳ್ಳೆಯಷ್ಟೇ ಉಳಿಯುತ್ತದೆ. ಎಳೆತ ಕುಸಿದ ಕ್ಷಣಕ್ಕೇ ವೇಗ ನೆಗೆಯುತ್ತದೆ, ಹೊಸ ತೊಂದರೆಯೂ ಶುರುವಾಗುತ್ತದೆ. ವೇಗ ದುಪ್ಪಟ್ಟಾದರೆ ಅದೇ ಕೋನದಲ್ಲಿರುವ ರೆಕ್ಕೆ ನಾಲ್ಕು ಪಟ್ಟು ಬಲದಿಂದ ಎತ್ತುತ್ತದೆ. ಸುಮ್ಮನೆ ಬಿಟ್ಟರೆ ಹಲಗೆ ಏರುತ್ತಲೇ ಹೋಗಿ ರೆಕ್ಕೆ ನೀರಿನ ಮೇಲ್ಮೈಗೆ ಬಂದುಬಿಡುತ್ತದೆ. ಆಗ ಅದು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಎತ್ತುಬಲ ಒಮ್ಮೆಗೇ ಮಾಯವಾಗುತ್ತದೆ, ಹಲಗೆ ಮೂಗು ಮುಂದಾಗಿ ಬೀಳುತ್ತದೆ. ಇದನ್ನು ತಪ್ಪಿಸಲು ಸ್ಪರ್ಧಿ ವೇಗ ಏರಿದಂತೆಲ್ಲ ಮುಂಗಾಲಿನ ಮೇಲೆ ಭಾರ ಹಾಕಿ ರೆಕ್ಕೆಯ ಕೋನವನ್ನು ಕೂದಲೆಳೆಯಷ್ಟು ತಗ್ಗಿಸುತ್ತ ಇರಬೇಕು. ಆಡಲು ಇರುವ ಜಾಗ ಕಂಬದ ಉದ್ದದಷ್ಟೇ, 95 ಸೆಂಟಿಮೀಟರ್. ಅದರಲ್ಲೂ ಅಲೆಯ ಎತ್ತರವನ್ನು ಕಳೆಯಬೇಕು. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ, ಅಕ್ಕಪಕ್ಕ ಇಪ್ಪತ್ತಕ್ಕೂ ಹೆಚ್ಚು ಹಲಗೆಗಳ ನಡುವೆ ಇದನ್ನು ಮಾಡುವವರಿಗೆ ನನ್ನ ಮನಸ್ಸಿನಲ್ಲಿರುವ ಗೌರವ ಸಣ್ಣದಲ್ಲ.

ಈ ಹಲಗೆ ಬಂದಾಗ ಸ್ಪರ್ಧಿಗಳ ಮೈಯೇ ಬದಲಾಗಬೇಕಾಯಿತು. 2008ರಿಂದ ಟೋಕಿಯೋವರೆಗಿನ ನಾಲ್ಕು ಒಲಿಂಪಿಕ್ಸ್‌ನಲ್ಲಿ ಇದ್ದದ್ದು ‘ಆರ್‌ಎಸ್‌:ಎಕ್ಸ್’ ಎಂಬ 286 ಸೆಂಟಿಮೀಟರ್ ಉದ್ದದ ಹಲಗೆ. ಅದು ನೀರಿನ ಮೇಲೆಯೇ ಓಡುವಂಥದ್ದು. ಗಾಳಿ ಕಡಿಮೆಯಾದರೆ ಸ್ಪರ್ಧಿಗಳು ಹಾಯಿಯನ್ನೇ ರೆಕ್ಕೆಯಂತೆ ಬಡಿದು ಬಡಿದು ಹಲಗೆಯನ್ನು ಮುಂದೆ ತಳ್ಳುತ್ತಿದ್ದರು. ಇದಕ್ಕೆ ಪಂಪಿಂಗ್ ಎನ್ನುತ್ತಾರೆ. ಹಾಯಿದೋಣಿ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಇದಕ್ಕೆ ನಿರ್ಬಂಧ ಇರುತ್ತದೆ, ವಿಂಡ್‌ಸರ್ಫಿಂಗ್‌ನಲ್ಲಿ ಇರಲಿಲ್ಲ. ಒಲಿಂಪಿಕ್ ಮಟ್ಟದ ವಿಂಡ್‌ಸರ್ಫರ್‌ಗಳ ಬಗ್ಗೆ 2002ರಲ್ಲಿ ಪ್ರಕಟವಾದ ಗ್ರೀಸಿನ ಅಧ್ಯಯನವೊಂದರಲ್ಲಿ, ಪಂಪಿಂಗ್ ಮಾಡುವಾಗ ದೇಹ ಬಳಸುವ ಆಮ್ಲಜನಕ ಸುಮ್ಮನೆ ಹಾಯಿ ಹಿಡಿದು ಸಾಗುವಾಗಿನದಕ್ಕಿಂತ ಎರಡು ಪಟ್ಟಿಗೂ ಮೀರಿ ಏರಿದ್ದು ಕಂಡುಬಂತು. ಗಾಳಿಯ ಆಟ ಎಂದು ಹೊರಗಿನವರು ಅಂದುಕೊಂಡದ್ದು ಒಳಗೆ ದೂರದ ಓಟದಷ್ಟೇ ಹೃದಯ-ಶ್ವಾಸಕೋಶಗಳ ಆಟವಾಗಿತ್ತು. ಮೈಭಾರ ಹೆಚ್ಚಿದ್ದರೆ ಹಲಗೆ ಆಳಕ್ಕಿಳಿದು ಎಳೆತ ಹೆಚ್ಚುತ್ತಿತ್ತು. ಹಾಗಾಗಿ ತೆಳ್ಳಗಿನ, ದಣಿವರಿಯದ ದೇಹಗಳೇ ಅಲ್ಲಿ ಗೆಲ್ಲುತ್ತಿದ್ದವು.

ಫಾಯಿಲ್ ಈ ಸಮೀಕರಣವನ್ನು ತಲೆಕೆಳಗು ಮಾಡಿತು. ಹಲಗೆ ನೀರಿನ ಮೇಲೆದ್ದ ಬಳಿಕ ಮೈಭಾರ ತರುವ ಹೆಚ್ಚುವರಿ ಎಳೆತ ಅಲ್ಪ. ಲಾಭವೇ ದೊಡ್ಡದು: ಹಾಯಿ ಬೀಳಿಸಲು ನೋಡುವ ಬಲಕ್ಕೆ ಎದುರಾಗಿ ಜೋತು ನಿಲ್ಲುವುದು ಇದೇ ಮೈಭಾರ. ಭಾರ ಹೆಚ್ಚಿದ್ದವರು ಹೆಚ್ಚು ಗಾಳಿಬಲವನ್ನು ಹಿಡಿದು ವೇಗವಾಗಿ ಪರಿವರ್ತಿಸಬಲ್ಲರು. 2019ರಲ್ಲಿ ವರ್ಲ್ಡ್ ಸೇಲಿಂಗ್ ಸಂಸ್ಥೆ ಇಟಲಿಯ ಗಾರ್ಡಾ ಸರೋವರದಲ್ಲಿ ಪರೀಕ್ಷೆ ನಡೆಸಿ ಐಕ್ಯೂಫಾಯಿಲ್ ಆಯ್ಕೆ ಮಾಡಿದ ಮೇಲೆ, ಕಡಿಮೆ ತೂಕ ಕಾಪಾಡಿಕೊಳ್ಳಲು ವರ್ಷಗಟ್ಟಲೆ ಊಟ ಅಳೆದು ಉಂಡವರು ತೂಕ ಏರಿಸಲು ಜಿಮ್‌ಗೂ ಅಡುಗೆಮನೆಗೂ ಓಡಾಡಿದರು. ಕೆಲವರ ದೇಹ ಅದಕ್ಕೆ ಒಪ್ಪಲಿಲ್ಲ. ಅವರಲ್ಲಿ ಕೌಶಲ ಕಡಿಮೆಯಾಗಿರಲಿಲ್ಲ. ಭೌತವಿಜ್ಞಾನ ಕೇಳುವ ಮೈಕಟ್ಟು ಬೇರೆಯಾಗಿತ್ತು. ಅರ್ಹತೆ ಎಂಬುದು ನೀರಿಗಿಳಿಯುವ ಮೊದಲೇ, ಸಭಾಂಗಣವೊಂದರಲ್ಲಿ ಅರ್ಧ ನಿರ್ಧಾರವಾಗಿಬಿಡುತ್ತದೆ. 1984ರಲ್ಲಿ ವಿಂಡ್‌ಸರ್ಫಿಂಗ್ ಒಲಿಂಪಿಕ್ಸ್‌ಗೆ ಬಂದ ಮೇಲೆ ಹಲಗೆ ಬದಲಾದದ್ದು ಇದು ಮೊದಲ ಸಲವೇನಲ್ಲ. 2012ರ ಮೇ ತಿಂಗಳಲ್ಲಂತೂ ಈ ಆಟವನ್ನೇ ತೆಗೆದು ಕೈಟ್‌ಬೋರ್ಡಿಂಗ್ ಸೇರಿಸಲು ತೀರ್ಮಾನವಾಗಿತ್ತು. ನವೆಂಬರ್‌ನಲ್ಲಿ ಆ ತೀರ್ಮಾನ ರದ್ದಾಯಿತು. ನಡುವಿನ ಆರು ತಿಂಗಳು ಅದೆಷ್ಟೋ ಸ್ಪರ್ಧಿಗಳ ಭವಿಷ್ಯ ತೂಗುಯ್ಯಾಲೆಯಲ್ಲಿತ್ತು.

ಈಗ ಅಳತೆಯ ಪ್ರಶ್ನೆಗೆ ಬರೋಣ. ರೆಗಾಟದಲ್ಲಿ ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2, ಹೀಗೆ. ಕೊನೆಗೆ ಒಟ್ಟು ಅಂಕ ಯಾರಿಗೆ ಕಡಿಮೆಯೋ ಅವರು ಮೇಲು. ಓಟ ಮುಗಿಸದಿದ್ದರೆ, ಅಥವಾ ಸಂಕೇತಕ್ಕೆ ಮೊದಲೇ ಗೆರೆ ದಾಟಿದರೆ, ಕಣದಲ್ಲಿರುವವರ ಸಂಖ್ಯೆಗಿಂತ ಒಂದು ಹೆಚ್ಚು ಅಂಕ. 24 ಜನರ ಕಣದಲ್ಲಿ ಅದು 25. ಸಂಖ್ಯಾಶಾಸ್ತ್ರದ ಸರಳ ನಿಯಮವೊಂದು ಇಲ್ಲಿ ಕೆಲಸಕ್ಕೆ ಬರುತ್ತದೆ: ಒಂದಕ್ಕೊಂದು ಸಂಬಂಧವಿಲ್ಲದ ಅಳತೆಗಳ ಸರಾಸರಿ ತೆಗೆದರೆ, ಸರಾಸರಿಯಲ್ಲಿ ಉಳಿಯುವ ತಪ್ಪು ಅಳತೆಗಳ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತದೆ. ಒಂದು ಓಟದಲ್ಲಿ ಅದೃಷ್ಟ ನಿಮ್ಮನ್ನು ನಾಲ್ಕು ಸ್ಥಾನ ಅತ್ತಿತ್ತ ಎಳೆದಾಡುತ್ತದೆ ಎಂದಾದರೆ, 16 ಓಟಗಳ ಸರಾಸರಿಯಲ್ಲಿ ಆ ಎಳೆದಾಟ ಒಂದು ಸ್ಥಾನಕ್ಕೆ ಇಳಿಯುತ್ತದೆ. ಆದರೆ ‘ಸಂಬಂಧವಿಲ್ಲದ’ ಎಂಬ ಷರತ್ತನ್ನು ಮರೆಯಬಾರದು. ಒಂದೇ ಮಧ್ಯಾಹ್ನ ಒಂದೇ ಬಗೆಯ ಗಾಳಿಯಲ್ಲಿ ನಾಲ್ಕು ಓಟ ನಡೆಸಿದರೆ, ಆ ಗಾಳಿ ಯಾರ ಮೈತೂಕಕ್ಕೆ ಒಗ್ಗುತ್ತದೋ ಅವರಿಗೇ ನಾಲ್ಕು ಬಾರಿಯೂ ಅನುಕೂಲ. ಅದಕ್ಕೇ ಒಳ್ಳೆಯ ರೆಗಾಟ ಹಲವು ದಿನ ನಡೆಯಬೇಕು, ಮಂದಗಾಳಿಯನ್ನೂ ಬಿರುಗಾಳಿಯನ್ನೂ ಕಾಣಬೇಕು. ಐಕ್ಯೂಫಾಯಿಲ್‌ನಲ್ಲಿ ಸ್ಲಾಲಂ, ಕೋರ್ಸ್, ಮ್ಯಾರಥಾನ್ ಎಂದು ಓಟದ ಬಗೆಗಳನ್ನೂ ಬದಲಿಸುತ್ತಾರೆ. ನನಗೆ ಅದು ತುಂಬ ಸರಿ ಎನಿಸುತ್ತದೆ.

ಎಲ್ಲಕ್ಕಿಂತ ಕೆಟ್ಟ ಫಲಿತಾಂಶವನ್ನು ಲೆಕ್ಕದಿಂದ ಬಿಡುವ ರೂಢಿಯೂ ಇದೆ. ಅದರ ಜಾಣತನ ಒಂದು ಉದಾಹರಣೆಯಿಂದ ತಿಳಿಯುತ್ತದೆ. 16 ಓಟಗಳಲ್ಲಿ ಒಬ್ಬರು 15 ಬಾರಿ ನಾಲ್ಕನೆಯವರಾಗಿ ಬಂದು, ಒಮ್ಮೆ ಕಡಲಪಾಚಿ ರೆಕ್ಕೆಗೆ ಸುತ್ತಿಕೊಂಡು ಓಟ ಮುಗಿಸಲಾಗದೆ 25 ಅಂಕ ಪಡೆದರು ಎನ್ನೋಣ. ಒಟ್ಟು 85. ಇನ್ನೊಬ್ಬರು ಹದಿನಾರರಲ್ಲೂ ಐದನೆಯವರು: 80. ಎಲ್ಲವನ್ನೂ ಕೂಡಿದರೆ ಎರಡನೆಯವರೇ ಮೇಲು. ಕೆಟ್ಟದ್ದೊಂದನ್ನು ಬಿಟ್ಟರೆ 60ಕ್ಕೆ ಎದುರು 75, ಮೊದಲನೆಯವರು ಸಲೀಸಾಗಿ ಮುಂದೆ. ಪ್ರಯೋಗಾಲಯದಲ್ಲಿ ಗುಂಪಿನಿಂದ ದೂರ ಸಿಡಿದ ಒಂದು ಬಿಂದುವಿಗೆ ಇಡೀ ಫಲಿತಾಂಶವನ್ನು ಎಳೆದಾಡಲು ಬಿಡಬಾರದು ಎಂಬ ವಿವೇಕವೇ ಇದು. ಅರ್ಹತೆಗೆ ಹೋರಾಡುವವರು ಮೊದಲ ದಿನವೇ ಈ ಒಂದು ಬಿಡುವನ್ನು ಕಳೆದುಕೊಂಡರೆ ಉಳಿದ ದಿನಗಳಲ್ಲಿ ಅವರ ಆಟವೇ ಬದಲಾಗುತ್ತದೆ. ಗೆರೆಗೆ ಅಂಟಿಕೊಂಡು ಹೊರಡುವ ಧೈರ್ಯ ಬರುವುದಿಲ್ಲ. ಎಲ್ಲರೂ ಎಡಕ್ಕೆ ಹೋದಾಗ, ಬಲಗಡೆ ನೀರು ಕಪ್ಪಗೆ ಸುಕ್ಕುಗಟ್ಟಿ ಗಾಳಿ ಬರುತ್ತಿರುವುದು ಕಣ್ಣಿಗೆ ಬಿದ್ದರೂ, ಒಬ್ಬರೇ ಆಚೆ ತಿರುಗುವುದಿಲ್ಲ.

ಇಷ್ಟು ಜತನದಿಂದ ಕಟ್ಟಿದ ಅಳತೆಯನ್ನು ಕೊನೆಯಲ್ಲಿ ಕೈಬಿಟ್ಟದ್ದು ಪ್ಯಾರಿಸ್‌ನ ಪದಕ ಸುತ್ತು. ಸರಣಿಯ ಮೊದಲ ಹತ್ತು ಜನರಷ್ಟೇ ಮುಂದಕ್ಕೆ. ಅಗ್ರಸ್ಥಾನದವರು ನೇರ ಫೈನಲ್‌ಗೆ, ಎರಡನೆಯ, ಮೂರನೆಯ ಸ್ಥಾನದವರು ಸೆಮಿಫೈನಲ್ ದಾಟಿ, ಉಳಿದವರು ಕ್ವಾರ್ಟರ್‌ಫೈನಲ್, ಸೆಮಿಫೈನಲ್ ಎರಡನ್ನೂ ದಾಟಿ ಬರಬೇಕಿತ್ತು. ಫೈನಲ್‌ನಲ್ಲಿ ಮೂವರು, ಒಂದೇ ಓಟ. ಅಲ್ಲಿಯವರೆಗೆ ಗಳಿಸಿದ ಮುನ್ನಡೆಗೆ ಬೆಲೆ ಇರಲಿಲ್ಲ. ಬ್ರಿಟನ್ನಿನ ಎಮಾ ವಿಲ್ಸನ್ ಸರಣಿಯುದ್ದಕ್ಕೂ ಎಲ್ಲರನ್ನೂ ಹಿಂದಿಕ್ಕಿ ನೇರ ಫೈನಲ್ ಪ್ರವೇಶಿಸಿದ್ದಳು. ಆಕೆಯ ತಾಯಿ ಪೆನ್ನಿ ವೇ ಕೂಡ 1992 ಮತ್ತು 1996ರ ಒಲಿಂಪಿಕ್ಸ್‌ನ ವಿಂಡ್‌ಸರ್ಫರ್. ಆಗಸ್ಟ್ 2ರಂದು ನಡೆಯಬೇಕಿದ್ದ ಪದಕ ಸುತ್ತು, ಸ್ಪರ್ಧೆ ನಡೆಯುತ್ತಿದ್ದ ಮಾರ್ಸೇಯ ಕಡಲಲ್ಲಿ ಗಾಳಿ ಸಾಲದೆ, ಮರುದಿನಕ್ಕೆ ಹೋಯಿತು. ಆ ಒಂದೇ ಓಟದಲ್ಲಿ ಇಟಲಿಯ ಮಾರ್ತಾ ಮಾಜೆತ್ತಿ ಚಿನ್ನ, ಇಸ್ರೇಲಿನ ಶರೋನ್ ಕಾಂಟರ್ ಬೆಳ್ಳಿ, ವಿಲ್ಸನ್‌ಗೆ ಕಂಚು. ಅದೇ ವರ್ಷದ ಆರಂಭದಲ್ಲಿ ಲಾಂಜರೋಟೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಆಕೆ ಸರಣಿಯಲ್ಲಿ ಮುಂದಿದ್ದು ಕೊನೆಯ ಓಟದಲ್ಲಿ ಚಿನ್ನ ಕಳೆದುಕೊಂಡಿದ್ದಳು. ಟೀವಿ ನೋಡುವವರಿಗೆ ಫೈನಲ್ ಬೇಕು, ಒತ್ತಡದಲ್ಲಿ ಗೆಲ್ಲುವುದೂ ಒಂದು ಸಾಮರ್ಥ್ಯವೇ ಎಂಬ ವಾದ ನನಗೆ ಅರ್ಥವಾಗುತ್ತದೆ. ಮಾಜೆತ್ತಿ ನಿಯಮದ ಪ್ರಕಾರ ಆಡಿ ಗೆದ್ದವಳು, ಆಕೆಯ ಚಿನ್ನಕ್ಕೆ ಕುಂದಿಲ್ಲ. ನನ್ನ ತಕರಾರು ನಿಯಮದ ಮೇಲೆ. ಅದೃಷ್ಟದ ಎಳೆದಾಟವನ್ನು ಕಾಲುಭಾಗಕ್ಕೆ ಇಳಿಸಲು ದಿನಗಟ್ಟಲೆ ಓಟ ನಡೆಸಿ, ಕೊನೆಯ ಕೆಲವು ನಿಮಿಷಗಳಲ್ಲಿ ಅದನ್ನು ಮತ್ತೆ ಪೂರ್ತಿ ಗಾತ್ರಕ್ಕೆ ಹಿಗ್ಗಿಸುವುದು ಅಳತೆಯ ದೃಷ್ಟಿಯಿಂದ ತಪ್ಪು.

ದೇಶಕ್ಕೊಂದೇ ಸ್ಥಾನ ಎಂಬ ನಿಯಮದ ಪರಿಣಾಮ ಇನ್ನೊಂದು ಬಗೆಯದು. ನೆದರ್‌ಲೆಂಡ್ಸ್‌ನ ಡೋರಿಯನ್ ಫಾನ್ ರೈಸೆಲ್ಬರ್ಗೆ 2012 ಮತ್ತು 2016ರಲ್ಲಿ ಸತತ ಎರಡು ಒಲಿಂಪಿಕ್ ಚಿನ್ನ ಗೆದ್ದವನು. ಅವನ ಜೊತೆಗೇ ಅಭ್ಯಾಸ ಮಾಡುತ್ತಿದ್ದವನು ಕಿರಣ್ ಬಾಡ್ಲೂ. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಗೊತ್ತು. 2020ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಸೊರೆಂಟೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಗೆದ್ದು ಬಾಡ್ಲೂ ಟೋಕಿಯೋದ ಡಚ್ ಸ್ಥಾನ ಪಡೆದ. ಎರಡು ಬಾರಿಯ ಚಾಂಪಿಯನ್ ಮನೆಯಲ್ಲೇ ಉಳಿದ. ಒಂದು ವರ್ಷ ತಡವಾಗಿ ನಡೆದ ಆ ಒಲಿಂಪಿಕ್ಸ್‌ನಲ್ಲಿ, ಎನೊಷಿಮಾದ ಕಡಲಿಗಿಳಿದ ಬಾಡ್ಲೂ ಚಿನ್ನ ಗೆದ್ದ. ಕೆಲವೊಮ್ಮೆ ಒಲಿಂಪಿಕ್ಸ್‌ಗಿಂತ ಕಷ್ಟದ ಸ್ಪರ್ಧೆ ಮನೆಯೊಳಗೇ ನಡೆದುಹೋಗಿರುತ್ತದೆ.

ಭಾರತದ ತೊಂದರೆ ಇದಕ್ಕೆ ತದ್ವಿರುದ್ಧ. ಇಲ್ಲಿ ಮನೆಯೊಳಗಿನ ಪೈಪೋಟಿಯೇ ತೆಳು. ಹಾಯಿದೋಣಿಯಲ್ಲಿ ನಮ್ಮವರು ಅರ್ಹತೆಯ ಬಾಗಿಲು ತೆರೆದಿದ್ದಾರೆ: 2021ರ ಏಪ್ರಿಲ್‌ನಲ್ಲಿ ಒಮಾನಿನ ಮುಸನ್ನಾದಲ್ಲಿ ನಡೆದ ಸ್ಪರ್ಧೆಯಿಂದ ಚೆನ್ನೈನ ನೇತ್ರಾ ಕುಮನನ್ ಟೋಕಿಯೋಗೆ ಅರ್ಹಳಾದಳು. ಕೊಡವ ಮನೆತನದ ಕೇಳಪಂಡ ಚೆಂಗಪ್ಪ ಗಣಪತಿ ಮತ್ತು ವರುಣ್ ಠಕ್ಕರ್ ಜೋಡಿಯೂ ಅಲ್ಲಿಂದಲೇ ಟೋಕಿಯೋಗೆ ಹೋಯಿತು. 2024ರಲ್ಲಿ ನೇತ್ರಾಗೆ ಪ್ಯಾರಿಸ್ ದಾರಿ ತೆರೆದದ್ದು ಇದೇ ಇಯೇರ್‌ನ ಕೊನೆಯ ರೆಗಾಟ. ಅವಳು ಅಭ್ಯಾಸಕ್ಕೆ ಸ್ಪೇನಿನ ಗ್ರಾನ್ ಕನೇರಿಯಾ ದ್ವೀಪವನ್ನು ಆರಿಸಿಕೊಂಡದ್ದಕ್ಕೆ ಕಾರಣ ಸ್ಪಷ್ಟ: ಅಲ್ಲಿ ನಂಬಿಕಸ್ಥ ಗಾಳಿ, ಜೊತೆಗೆ ದಿನವೂ ಎದುರಾಳಿಗಳ ದಂಡು. ಹತ್ತಾರು ಹಾಯಿಗಳು ಒಟ್ಟಿಗೆ ಹೊರಟಾಗ ಮುಂದಿನವರ ಹಾಯಿ ಕದಡಿ ಬಿಟ್ಟ ಗಾಳಿಯಿಂದ ಹೇಗೆ ಪಾರಾಗಬೇಕೆಂಬುದನ್ನು ಒಬ್ಬಂಟಿಯಾಗಿ ಕಲಿಯಲಾಗದು.

ವಿಂಡ್‌ಸರ್ಫಿಂಗ್‌ನಲ್ಲಿ ಇಬಾದ್ ಅಲಿ 2023ರ ಸೆಪ್ಟೆಂಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನ ಕಂಚು ಗೆದ್ದ. ಅದು ದೊಡ್ಡ ಸಾಧನೆ. ಆದರೆ ಗೆದ್ದದ್ದು ಆರ್‌ಎಸ್‌:ಎಕ್ಸ್ ಹಲಗೆಯ ಮೇಲೆ. ಆ ಹೊತ್ತಿಗೆ ಒಲಿಂಪಿಕ್ಸ್ ಆ ಹಲಗೆಯನ್ನು ಕೈಬಿಟ್ಟು ಎರಡು ವರ್ಷವಾಗಿತ್ತು. ಒಲಿಂಪಿಕ್ಸ್‌ನ ಕನಸು ಕಾಣುವವರು ಮೇಲೆ ಹೇಳಿದ ಎಲ್ಲವನ್ನೂ ಹೊಸದಾಗಿ ಶುರುಮಾಡಬೇಕು: ಹೊಸ ಮೈತೂಕ, ಮುಂಗಾಲಿನ ಹೊಸ ಪಾಠ, ವಿದೇಶದಿಂದ ತರಿಸಬೇಕಾದ ದುಬಾರಿ ಕಾರ್ಬನ್ ರೆಕ್ಕೆ.

ಒಂದು ಅನುಕೂಲ ಮಾತ್ರ ಈ ಹೊಸ ಹಲಗೆ ನಮ್ಮ ಕಡೆಗೆ ತಂದಿದೆ. ಹಳೆಯ ಹಲಗೆ ನೀರನ್ನು ಬಿಟ್ಟು ಜಾರತೊಡಗಲು ಸಾಕಷ್ಟು ಬಿರುಸಾದ ಗಾಳಿಯೇ ಬೇಕಿತ್ತು. ಫಾಯಿಲ್‌ಗೆ ಏಳೆಂಟು ನಾಟ್ ಸಾಕು. ಕಾರವಾರದಿಂದ ಮಂಗಳೂರಿನವರೆಗೆ, ಮಳೆಗಾಲ ಮುಗಿದ ಮೇಲೆ, ಬಿಸಿಲಿಗೆ ನೆಲ ಕಾದು ಮೇಲಿನ ಗಾಳಿ ಹಗುರಾಗಿ ಏಳುತ್ತದೆ. ಆ ಜಾಗ ತುಂಬಲು ಕಡಲಿನಿಂದ ತಂಪುಗಾಳಿ ನುಗ್ಗಿ ಬರುತ್ತದೆ. ಫೆಬ್ರವರಿ, ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಈ ಪಡುಗಾಳಿ ಬಹುಪಾಲು ದಿನ ತಪ್ಪದೆ ಬೀಸುತ್ತದೆ, ಫಾಯಿಲ್ ಏಳಲು ಬೇಕಾದಷ್ಟು ಬೀಸುತ್ತದೆ. ಅಭ್ಯಾಸಕ್ಕೆ ಬೇಕಾದ ಗಾಳಿ ನಮ್ಮಲ್ಲೇ ಇದೆ. ಒಂದೇ ಗೆರೆಯಿಂದ ಒಟ್ಟಿಗೆ ಹೊರಡಲು ಇಪ್ಪತ್ತು ಹಲಗೆಗಳು ಇನ್ನೂ ಇಲ್ಲ.